ತುಟಿಯ ಓದು

“ನಿಮ್ಮ ಮನೆ ಬಾವಿ ನೀರೇ ಅಂಥದ್ದು ಬಿಡಪ್ಪ. ಎಷ್ಟು ಅಕ್ಷರ ಹಾಕಿದ್ರೂ ಮುಳುಗಿಹೋಗುತ್ತೆ, ಒಂದಾದ್ರೂ ತೇಲಲ್ಲ.”

ಟೀಚರ್ ಇದನ್ನು ಹೇಳಿದ್ದು ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ, ಮಕ್ಕಳು ಪಾಸೋ ನಪಾಸೋ ಎಂದು ಕೇಳಲು ಬಂದು ತರಗತಿಯ ಬಾಗಿಲಿನಿಂದ ಗೇಟಿನವರೆಗೆ ಸಾಲು ನಿಂತಿದ್ದ ಅಪ್ಪ ಅಮ್ಮಂದಿರ ಮುಂದೆ. ಸಾಲು ನಕ್ಕಿತು. ನಗದಿದ್ದರೆ ತಮ್ಮ ಸರದಿಯಲ್ಲಿ ತಮಗೂ ಬಿದ್ದೀತು ಎಂದು ಹೆದರಿ ನಕ್ಕವರೂ ಅದರಲ್ಲಿದ್ದರು. ನನಗೆ ಹೆಚ್ಚು ಉರಿದದ್ದು ಅವರ ಮೇಲೆಯೇ.

ನನ್ನ ಪಕ್ಕದಲ್ಲಿ ಅಕ್ಕನ ಮಗಳು ತಲೆ ತಗ್ಗಿಸಿ ತನ್ನ ಚಪ್ಪಲಿಯ ಬಾರನ್ನು ನೋಡುತ್ತ ನಿಂತಿದ್ದಳು. ಅವಳನ್ನು ನಾವೆಲ್ಲ ಕಡ್ಡಿ ಅನ್ನುತ್ತೇವೆ. ಮೈಯಲ್ಲಿ ಕಡ್ಡಿಯಷ್ಟೇ ಇದ್ದಾಳೆ, ಗೀರಿದರೆ ಹತ್ತಿಕೊಳ್ಳುತ್ತಾಳೆ. ಆವತ್ತು ಮಾತ್ರ ನೀರು ಬಿದ್ದ ಕಡ್ಡಿ.

“ಓದೋಕೆ ಬರಲ್ಲ ಇವಳಿಗೆ. ಒಂದೊಂದೇ ಅಕ್ಷರ ಕೂಡಿಸ್ಕೊಂಡು ಒಂದು ಸಾಲು ಮುಗಿಸೋದ್ರೊಳಗೆ ಬೆಲ್ ಹೊಡೆಯುತ್ತೆ,” ಟೀಚರ್ ಮುಂದುವರಿಸಿದರು. “ಶಾಲೆ ತೆರೆದ ದಿನ ನಾನು ಪುಸ್ತಕದಲ್ಲಿ ಒಂದು ಪುಟ ತೋರಿಸ್ತೀನಿ. ಓದಿದ್ರೆ ನಾಲ್ಕನೇ ಕ್ಲಾಸು. ಇಲ್ದಿದ್ರೆ ಮತ್ತೆ ಮೂರನೇದು, ಮತ್ತೆ ಇದೇ ಬೆಂಚು. ರಜೆಯಲ್ಲಿ ಯಾರಾದ್ರೂ ಕೂರಿಸ್ಕೊಂಡು ಓದಿಸಿ.” ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಯಾರು ಓದಿಸ್ತಾರೆ? ನೀನಾ?”

ಸಾಲು ಇನ್ನೊಮ್ಮೆ ನಕ್ಕಿತು. ನನಗೂ ಕಲಿಸಿದ ಟೀಚರ್ ಅವರು, ಮೂರು ನಾಲ್ಕು ಎರಡೂ ಕ್ಲಾಸು ಅವರದೇ. ಆರನೇ ಕ್ಲಾಸಿನ ಮಧ್ಯದಲ್ಲಿ ಚೀಲ ಗೂಟಕ್ಕೆ ಹಾಕಿ ಮಗ್ಗಕ್ಕೆ ಹೋದವನು ನಾನು. ಅದಕ್ಕೆ ದೊಡ್ಡ ಕಥೆಯೇನಿಲ್ಲ. ಮನೆಯಿಂದ ಒಬ್ಬರು ದುಡಿಯಲು ಹೋಗಬೇಕಿತ್ತು, ಹೋದೆ. ಬಾಯಿಗೆ ಬಂದ ಉತ್ತರ ಹಲ್ಲಿನ ಹಿಂದೆಯೇ ನಿಂತಿತು. ದಾರಿಯುದ್ದಕ್ಕೂ ಅದನ್ನೇ ಅಗಿಯುತ್ತ ಮನೆಗೆ ಬಂದೆ.

ಅಕ್ಕ ಆಸ್ಪತ್ರೆಯಲ್ಲಿ ವಾರ್ಡು ತೊಳೆಯುವ ಕೆಲಸ ಮಾಡುತ್ತಾಳೆ. ಭಾವ ಲಾರಿ ಹತ್ತಿ ಹೋದವನು. ಅವನಿದ್ದಾನೆ ಅನ್ನುವುದಕ್ಕೆ ಗೋಡೆಯ ಮೊಳೆಯಲ್ಲಿ ನೇತಾಡುವ ಅಂಗಿಯೊಂದೇ ಸಾಕ್ಷಿ. ನಾನು ಹೇಳಿದ್ದನ್ನೆಲ್ಲ ಅಕ್ಕ ಗೋಡೆಗೊರಗಿ, ಕಾಲು ನೀವಿಕೊಳ್ಳುತ್ತ ಕೇಳಿದಳು.

“ಇನ್ನೊಂದು ಸಲ ಮೂರನೇ ಕ್ಲಾಸಿಗೆ ಕಳಿಸೋಕೆ ನನ್ನ ಕೈಲಾಗಲ್ಲ ಕಣೋ. ಫೇಲಾದ್ರೆ ಆಯ್ತು. ನಿಮ್ಮ ಶೆಡ್ಡಲ್ಲಿ ಕಂಡಿಕೆ ಸುತ್ತೋ ಹೆಂಗಸರ ಜೊತೆ ಕೂರಿಸ್ಬಿಡು.”

ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಕಂಡಿಕೆ ಅನ್ನುತ್ತೇವೆ. ಅದನ್ನು ಸುತ್ತಲು ಸಣ್ಣ ಬೆರಳು ಒಳ್ಳೆಯದಂತೆ. ಸಣ್ಣ ಬೆರಳಿಗೆ ಅದು ಒಳ್ಳೆಯದಾ ಎಂದು ಯಾರೂ ಕೇಳುವುದಿಲ್ಲ.

“ಹುಚ್ಚು ಹಿಡಿದಿದ್ಯೇನೇ ನಿನಗೆ?”

“ಹುಚ್ಚಲ್ಲ, ನಿದ್ದೆ. ನಿದ್ದೆ ಕಣ್ಣಲ್ಲಿ ಮಾತಾಡ್ತಿದೀನಿ. ಆದ್ರೂ ಹೇಳಿದ್ದು ಹೇಳಿದ್ದೇ.”

ಅಕ್ಕ ಹೇಳಿದರೆ ಹೇಳಿದಂತೆಯೇ. ನನ್ನನ್ನು ಮಗ್ಗಕ್ಕೆ ಕಳಿಸಿದಾಗಲೂ ಅವಳು ಇಷ್ಟೇ ಸಣ್ಣ ದನಿಯಲ್ಲಿ ಹೇಳಿದ್ದಳು.

ಮೊದಲು ಮನೆಯಲ್ಲೇ ಪ್ರಯತ್ನ ಮಾಡಿದೆ. ಪಾಳಿ ಮುಗಿಸಿ ಬಂದು, ಮುಖಕ್ಕೆ ನೀರು ಹೊಡೆದುಕೊಂಡು, ಪುಸ್ತಕ ಮುಂದಿಟ್ಟು ಕೂರುತ್ತಿದ್ದೆ. ದಿನವಿಡೀ ಮಗ್ಗದ ಮುಂದೆ ನಿಂತವನ ತಲೆಯೊಳಗೆ ಮಗ್ಗ ಅಷ್ಟು ಬೇಗ ನಿಲ್ಲುವುದಿಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಲೇ ಇರುತ್ತದೆ. ಅವಳು ಓದಿದ್ದು ನನಗೆ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಹೊರಗೆ ಬೀದಿಯಲ್ಲಿ ಮಕ್ಕಳು ಚೆಂಡು ಹಿಡಿದು ಕಿರುಚುತ್ತಿದ್ದರು. ಅವಳ ಒಂದು ಕಣ್ಣು ಬಾಗಿಲಲ್ಲಿ, ಒಂದು ಪುಸ್ತಕದಲ್ಲಿ. ನನ್ನ ಎರಡು ಕಣ್ಣೂ ಮುಚ್ಚಿಕೊಂಡು ಬರುತ್ತಿದ್ದವು.

“ಮಾವ, ನಿದ್ದೆ ಮಾಡ್ತಿದೀಯ.”

“ಇಲ್ಲ. ಓದು.”

“ಎಲ್ಲಿವರೆಗೆ ಓದಿದೆ ಹೇಳು ನೋಡೋಣ?”

ಹೇಳಲು ಬರುತ್ತಿರಲಿಲ್ಲ. ಅವಳು ಪುಸ್ತಕ ಮಡಚಿ ಬೀದಿಗೆ ಓಡುತ್ತಿದ್ದಳು. ಹೀಗೇ ಕೆಲವು ದಿನ ಕಳೆದವು. ಕಲಿತದ್ದೇನಾದರೂ ಇದ್ದರೆ ಅದು ನಾನು, ಕೂತೇ ನಿದ್ದೆ ಮಾಡುವುದನ್ನು.

ಅಷ್ಟರಲ್ಲಿ ಅಕ್ಕನಿಗೆ ಹಗಲು ಪಾಳಿ ಹಾಕಿದರು. ಮನೆಯಲ್ಲಿ ಹುಡುಗಿಯೊಬ್ಬಳನ್ನೇ ಬಿಡುವಂತಿಲ್ಲ. ಮಗ್ಗದ ಶೆಡ್ಡಿಗೆ ಕರೆದುಕೊಂಡು ಹೋದೆ.

“ಇದೇನು, ಬಾಲವಾಡಿ ಅಂದ್ಕೊಂಡಿದ್ದೀಯಾ?” ಅಂದ ಮೇಸ್ತ್ರಿ.

“ಬಾಲವಾಡಿ ಆಗಿದ್ರೆ ನಿನ್ನನ್ನೂ ಸೇರಿಸ್ಕೋತಿದ್ರು, ಮೂಗು ಒರೆಸೋಕೆ ಒಬ್ರು ಸಿಗ್ತಿದ್ರು,” ಎಂದಿತು ಹಿಂದಿನಿಂದ ಒಂದು ದನಿ. ಅದು ನಮ್ಮ ಶೆಡ್ಡಿನ ಹಳೇ ನೇಕಾರ, ಅರ್ಧಕಿವಿ. ಮಗ್ಗದ ಸದ್ದು ತಿಂದು ಉಳಿಸಿದ್ದು ಅರ್ಧವೇ ಆದ್ದರಿಂದ ಆ ಹೆಸರು. ಮೇಸ್ತ್ರಿಗಿಂತ ಮೊದಲು ಶೆಡ್ಡಿಗೆ ಬಂದವನಾದ್ದರಿಂದ ಏನು ಬೇಕಾದರೂ ಅನ್ನುತ್ತಾನೆ. ಮೇಸ್ತ್ರಿ ಗೊಣಗಿ ಒಪ್ಪಿದ. ನೂಲಿನ ಮೂಟೆ ಇಡುವ ಕಟ್ಟೆಯ ಮೇಲೆ ಅವಳು ಕೂರಬೇಕು, ಕಟ್ಟೆ ಇಳಿಯಬಾರದು, ಒಂದು ಎಳೆ ನೂಲೂ ಮುಟ್ಟಬಾರದು. ನಾನು ಅವಳ ಎರಡೂ ಕಿವಿಗೆ ಹತ್ತಿ ತುರುಕಿದೆ. ಮಗ್ಗಗಳು ಶುರುವಾದವು.

ಪವರ್‌ಲೂಮ್ ಶೆಡ್ಡಿನೊಳಗೆ ಹೋಗದವರಿಗೆ ಅದರ ಸದ್ದನ್ನು ಹೇಗೆ ಹೇಳಲಿ? ತಗಡಿನ ಮಾಡಿನ ಮೇಲೆ ಯಾರೋ ಕಲ್ಲು ಸುರಿಯುತ್ತಲೇ ಇದ್ದಾರೆ, ನಿಲ್ಲಿಸುವುದೇ ಇಲ್ಲ ಅಂದುಕೊಳ್ಳಿ. ಆ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಅರ್ಧ ಕೇಳುವುದಿಲ್ಲ. ಹಾಗಾಗಿ ನಾವು ಕೂಗುವುದನ್ನೇ ಬಿಟ್ಟಿದ್ದೇವೆ. ತುಟಿಯಲ್ಲಿ ಮಾತಾಡುತ್ತೇವೆ. ದನಿ ಬೇಡ, ತುಟಿ ಬಿಡಿಸಿ ಆಡಿಸಿದರೆ ಸಾಕು, ಶೆಡ್ಡಿನ ಆ ತುದಿಯವನಿಗೂ ತಿಳಿಯುತ್ತದೆ. ಮಾಲೀಕ ನಡುವೆ ನಿಂತಿರುತ್ತಾನೆ. ಆಚೆಯವನು ಅವನ ಹೊಟ್ಟೆಯ ಬಗ್ಗೆ ಏನೋ ಅನ್ನುತ್ತಾನೆ, ಈಚೆ ನಾವು ನಗುತ್ತೇವೆ. ಮಾಲೀಕನೂ ಏನೋ ಒಳ್ಳೆಯದೇ ಇರಬೇಕೆಂದು ನಮ್ಮ ಜೊತೆ ನಗುತ್ತಾನೆ.

ಕಡ್ಡಿಗೆ ಇದು ಹತ್ತಲು ಹೆಚ್ಚು ದಿನ ಬೇಕಾಗಲಿಲ್ಲ. ಮಕ್ಕಳಿಗೆ ಪಾಠ ಹತ್ತದಿರಬಹುದು, ದೊಡ್ಡವರು ಮುಚ್ಚಿಟ್ಟು ಆಡುವ ಮಾತು ತಟ್ಟನೆ ಹತ್ತುತ್ತದೆ. ಒಂದು ಮಧ್ಯಾಹ್ನ ಅವಳು ಮೂಟೆಯ ಮೇಲಿಂದ ಪುಸ್ತಕವನ್ನು ಎತ್ತಿ ನನ್ನ ಕಡೆ ತಿರುಗಿಸಿ, ಒಂದು ಪದದ ಕೆಳಗೆ ಬೆರಳಿಟ್ಟಳು. ನನ್ನ ಕೈಯಲ್ಲಿ ತುಂಡಾದ ಎಳೆ. ಅದನ್ನು ಗಂಟು ಹಾಕುತ್ತಲೇ ಕಣ್ಣು ಕಿರಿದು ಮಾಡಿ ನೋಡಿ, ತುಟಿಯಲ್ಲಿ ಬಿಡಿಸಿ ಹೇಳಿದೆ: ದೋ, ಣಿ, ಗಾ, ರ. ಅವಳು ತುಟಿಯಲ್ಲೇ ತಿರುಗಿ ಹೇಳಿದಳು. ಮುಂದಿನ ಪದಕ್ಕೆ ಹೋದಳು.

ಅಲ್ಲಿಂದ ಶುರುವಾಯಿತು ನಮ್ಮ ಪಾಠ. ಮನೆಯಲ್ಲಿ ಓಡಿಹೋಗಲು ಬೀದಿ ಇತ್ತು, ಇಲ್ಲಿ ಕಟ್ಟೆ ಬಿಟ್ಟರೆ ಬೇರೆ ದಾರಿಯಿಲ್ಲ. ನನಗೂ ಇಲ್ಲಿ ನಿದ್ದೆ ಬರುವಂತಿಲ್ಲ, ಬಂದರೆ ಬೆರಳು ಹೋಗುತ್ತದೆ. ಹತ್ತಿ ತುರುಕಿದ ಕಿವಿಗೆ ತನ್ನ ದನಿಯೇ ಕೇಳದ ಹುಡುಗಿ, ದನಿಯ ಹಂಗು ಬಿಟ್ಟು ಬರೀ ತುಟಿಯಲ್ಲಿ ಓದುತ್ತಿದ್ದಳು. ತಪ್ಪಿದರೆ ನಾನು ತಲೆ ಅಲ್ಲಾಡಿಸುತ್ತಿದ್ದೆ. ಸರಿಯಾದರೆ ಲಾಳಿಯ ಕಡೆ ತಿರುಗುತ್ತಿದ್ದೆ.

ದೋಣಿಗಾರನ ಪಾಠದಲ್ಲಿ ಒಂದು ಬಾತುಕೋಳಿ ಇತ್ತು. ಅದಕ್ಕೆ ನೀರೆಂದರೆ ಭಯ. ದೋಣಿಯಿಂದ ಇಳಿಯುವುದೇ ಇಲ್ಲ. ಅವಳು ಅದನ್ನು ಓದುತ್ತಿದ್ದರೆ ಎದುರಿನ ಸಾಲಿನ ನೇಕಾರರೂ ನೋಡತೊಡಗಿದರು.

“ಬಾತುಕೋಳಿಗೆ ನೀರು ಕಂಡ್ರೆ ಭಯಾನಾ? ಯಾರು ಬರೆದಿದ್ದು ಈ ಪಾಠ, ಕೋಳಿ ಮಾರೋನಾ?” ಎಂದು ಅರ್ಧಕಿವಿ ತುಟಿಯಲ್ಲೇ ಕೇಳಿದ.

“ಸುಮ್ನಿರು ತಾತ, ಮುಂದೆ ಬರುತ್ತೆ,” ಅಂದಳು ಇವಳು.

“ಈಗ್ಲೇ ಹೇಳು. ಇಳಿಯುತ್ತಾ ಇಲ್ವಾ?”

“ಓದ್ದೇ ಇದ್ರೆ ನನಗೆ ಹೇಗೆ ಗೊತ್ತಾಗುತ್ತೆ?”

ಬಾತುಕೋಳಿಗೆ ಏನಾಯಿತೆಂದು ತಿಳಿಯಬೇಕಾದರೆ ಅವಳು ಓದಲೇಬೇಕು. ಓದಿದಳು. ಇಡೀ ಶೆಡ್ಡಿಗೆ ಶೆಡ್ಡೇ ಮೂಟೆಯ ಕಡೆ ಕತ್ತು ತಿರುಗಿಸಿಕೊಂಡು ನಿಂತಾಗ ಎಳೆ ತುಂಡಾಗದೆ ಇರುತ್ತದೆಯೇ? ಮೇಸ್ತ್ರಿ ಬಟ್ಟೆಯನ್ನು ಬೆಳಕಿಗೆ ಹಿಡಿದು, ತೂತುಗಳನ್ನು ತೋರಿಸಿ ಕುಣಿದಾಡಿದ. “ಏನ್ರಯ್ಯಾ ಇದು, ಬಾತುಕೋಳಿ ಬಂದು ಕುಕ್ಕಿತಾ?” ಅಂದರೆ ಅವನೂ ಪಾಠ ನೋಡುತ್ತಿದ್ದ ಅಂತಾಯಿತು.

ನಗು ಬರುತ್ತಿತ್ತು, ನಿಜ. ಆದರೆ ಆ ಬೇಸಿಗೆಯನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ದಣಿವೇ. ತಗಡು ಕಾದು ಶೆಡ್ಡು ಒಲೆಯಾಗುತ್ತಿತ್ತು. ಹತ್ತಿಯ ದೂಳು ಬೆವರಿಗೆ ಅಂಟಿ, ಸಂಜೆ ಹೊತ್ತಿಗೆ ನಾವೆಲ್ಲ ರೋಮ ಬಂದ ಪ್ರಾಣಿಗಳು. ಹುಡುಗಿ ಮೂಟೆಯ ಮೇಲೇ ಮುದುಡಿ ಮಲಗಿಬಿಡುತ್ತಿದ್ದಳು, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದೆ. ದಾರಿಯಲ್ಲಿ ದೊಡ್ಡ ಶಾಲೆಯ ಮಕ್ಕಳು ಬೇಸಿಗೆ ಶಿಬಿರ ಮುಗಿಸಿ ಬಣ್ಣದ ಟೋಪಿ ಹಾಕಿಕೊಂಡು ವ್ಯಾನಿನಿಂದ ಇಳಿಯುತ್ತಿದ್ದರು. ಅವರಿಗೆ ಈಜು, ಚಿತ್ರ, ಕುದುರೆ. ನಮ್ಮದಕ್ಕೆ ನೂಲಿನ ಮೂಟೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಟೋಪಿಗಳ ಮೇಲೆ ಮಾಡಿಕೊಳ್ಳುತ್ತಿದ್ದೆ.

ಆ ಸಿಟ್ಟೇ ನನ್ನನ್ನು ನಿಲ್ಲಿಸಿತ್ತು ಅಂತಲೂ ಹೇಳಬಹುದು. ಮಗ್ಗದ ಮುಂದೆ ನಿಂತು ಟೀಚರಿಗೆ ಕೊಡಬೇಕಾದ ಉತ್ತರವನ್ನು ಮಸೆಯುತ್ತಿದ್ದೆ. ನನಗೆ ಗೊತ್ತಿಲ್ಲದೆ ತುಟಿ ಆಡುತ್ತಿತ್ತು. ಆ ಶೆಡ್ಡಿನಲ್ಲಿ ತುಟಿ ಆಡಿದರೆ ಕೂಗಿದಂತೆಯೇ.

“ಯಾರ ಜೊತೆಗೋ ಜಗಳ?” ಅಂದ ಅರ್ಧಕಿವಿ.

ಹೇಳಿದೆ. ಅವನು ಕಂಡಿಕೆ ಬದಲಿಸುತ್ತ ಯೋಚಿಸಿದ.

“ಉತ್ತರ ಏನು ಇಟ್ಕೊಂಡಿದ್ದೀಯ, ಹೇಳು.”

“ಬಾವಿ ನೀರಿನ ತಪ್ಪಲ್ಲ. ನೀವು ಹಾಕಿದ್ದು ಅಕ್ಷರ ಅಲ್ಲ, ಕಲ್ಲು. ಕಲ್ಲು ಮುಳುಗದೆ ತೇಲುತ್ತಾ?”

“ಚೆನ್ನಾಗಿದೆ. ಮಧ್ಯೆ ಒಂದು ‘ರೀ’ ಹಾಕು. ಮರ್ಯಾದೆ ಕೊಟ್ಟು ಬೈದ್ರೆ ಜಾಸ್ತಿ ಹತ್ತುತ್ತೆ.”

ಹಾಕಿದೆ. “ನೀವು ಹಾಕಿದ್ದು ಅಕ್ಷರ ಅಲ್ಲ ರೀ, ಕಲ್ಲು.” ದಿನವೂ ಹೇಳಿಕೊಂಡೆ. ಮೂಟೆಯ ಮೇಲಿಂದ ಕಡ್ಡಿಯೂ ಅದನ್ನು ನೋಡುತ್ತಿದ್ದಳು. ಬಾಯಿಪಾಠವಾಗಿ ಅವಳೂ ನನ್ನ ಜೊತೆ ಹೇಳತೊಡಗಿದಳು, ಆ ‘ರೀ’ಗೆ ಕತ್ತು ಕೊಂಕಿಸಿ.

ರಜೆ ಮುಗಿಯುವ ಹೊತ್ತಿಗೆ ಅವಳು ಪುಸ್ತಕದ ಎಲ್ಲಿ ತೆರೆದರೂ ಓದುತ್ತಿದ್ದಳು. ಬಾತುಕೋಳಿ ನೀರಿಗಿಳಿದಾಗಿತ್ತು. ಅದು ಇಳಿದ ದಿನ ಶೆಡ್ಡಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಕೇಳಲಿಲ್ಲ, ಕಂಡಿತು. ಮನೆಯಲ್ಲಿ ಅವಳು ದೀಪದ ಕೆಳಗೆ ತುಟಿ ಆಡಿಸುತ್ತ ಓದುವುದನ್ನು ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

“ಮನಸ್ಸಲ್ಲೇ ಓದ್ಕೋತಾಳಲ್ಲೋ. ಗಲಾಟೆನೇ ಇಲ್ಲ. ಜಾಣೆ ಆಗಿದ್ದಾಳೆ.”

“ಮತ್ತೆ? ಯಾರು ಕಲಿಸಿದ್ದು?” ಅಂದೆ. ಅಕ್ಕ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು.

ಶಾಲೆ ತೆರೆದ ಬೆಳಿಗ್ಗೆ ಮೇಸ್ತ್ರಿಯ ಕೈಕಾಲು ಹಿಡಿದು ಸ್ವಲ್ಪ ಹೊತ್ತಿನ ಬಿಡುವು ಕೇಳಿಕೊಂಡು ಹೋದೆ. ಅದೇ ಬಾಗಿಲು, ಅದೇ ಸಾಲು. ಬಾಗಿಲ ಪಕ್ಕ ಮೇಜು ಹಾಕಿಕೊಂಡು ಅದೇ ಟೀಚರ್, ಅವರ ಜೊತೆ ಪಕ್ಕದ ತರಗತಿಯ ಇನ್ನೊಬ್ಬರು. ದೊಡ್ಡವರನ್ನು ಅಂಗಳದಲ್ಲೇ ನಿಲ್ಲಿಸಿ ಮಕ್ಕಳನ್ನಷ್ಟೇ ಮೆಟ್ಟಿಲ ಮೇಲೆ ಕರೆಯುತ್ತಿದ್ದರು. ಕಡ್ಡಿಯ ಸರದಿ ಬಂತು. ಟೀಚರ್ ಪುಸ್ತಕ ತೆರೆದು ಬೆರಳಿಟ್ಟರು.

“ಇಲ್ಲಿಂದ ಓದು.”

ಅವಳು ಪುಸ್ತಕ ಎತ್ತಿಕೊಂಡಳು, ನನ್ನ ಕಡೆ ತಿರುಗಿ ನಿಂತಳು, ಬೇಸಿಗೆಯಿಡೀ ನಿಂತಿದ್ದ ಹಾಗೆ. ಓದಿದಳು. ಮಳೆ ನಿಂತ ಮೇಲೆ ಇರುವೆಗಳು ಗೂಡು ಕಟ್ಟುವ ಪಾಠ. ಒಂದು ಪದ ತಪ್ಪಿಲ್ಲ. ನನ್ನ ಎದೆ ಅಂಗಿಯೊಳಗೆ ಹಿಡಿಸದಷ್ಟು ಉಬ್ಬಿತು.

“ಓದಮ್ಮ,” ಅಂದರು ಟೀಚರ್.

ಓದುತ್ತಿದ್ದಾಳಲ್ಲ, ಇದೇನು ಹೇಳುತ್ತಿದೆ ಈ ಹೆಂಗಸು? ಕಡ್ಡಿ ಎರಡನೇ ಸಾಲಿಗೆ ಹೋದಳು.

“ಓದು ಅಂದೆ. ಬಾಯಿ ಆಡಿಸಿದ್ರೆ ಓದಿದ ಹಾಗಾಯ್ತಾ? ಏನಿದು, ಮೀನಾ ನೀನು?”

ಸಾಲು ನಕ್ಕಿತು. ನನಗೆ ತಡೆಯಲಾಗಲಿಲ್ಲ.

“ಓದ್ತಿದ್ದಾಳಲ್ರೀ!” ಎಂದು ಅಂಗಳದಿಂದಲೇ ಕೂಗಿದೆ.

“ಓಹೋ, ನೀನಾ? ನಿನಗೆ ಕೇಳಿಸ್ತೇನಪ್ಪಾ?” ಟೀಚರ್ ಸಾಲಿನ ಕಡೆ ಕೈ ಚಾಚಿದರು. “ಬೇರೆ ಯಾರಿಗಾದ್ರೂ ಕೇಳಿಸ್ತಾ?”

ಆಗ ಹೊಳೆಯಿತು. ಆ ಅಂಗಳದಲ್ಲಿ ಅವಳ ಓದು ಕೇಳಿಸಿದ್ದು ನನಗೊಬ್ಬನಿಗೇ. ಬೇಸಿಗೆಯಿಡೀ ನಾನು ಅವಳಿಗೆ ಎಲ್ಲವನ್ನೂ ಕಲಿಸಿದ್ದೆ, ದನಿಯೊಂದನ್ನು ಬಿಟ್ಟು. ನನಗೆ ಅದು ಬೇಕಾಗಿರಲಿಲ್ಲ, ಶೆಡ್ಡಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಓದುವುದೆಂದರೆ ಹೀಗೇ ಎಂದು ಹುಡುಗಿ ತಿಳಿದುಕೊಂಡಿದ್ದಳು. ಈಗ ಅವಳು ಮೆಟ್ಟಿಲ ಮೇಲೆ ನಿಂತು, ಸರಿಯಾಗಿಯೇ ಓದಿದ ಮೇಲೂ ಜನ ಏಕೆ ನಗುತ್ತಿದ್ದಾರೆಂದು ತಿಳಿಯದೆ ನನ್ನನ್ನು ನೋಡುತ್ತಿದ್ದಳು. ಟೀಚರ್ ಪುಸ್ತಕಕ್ಕೆ ಕೈ ಚಾಚಿದರು. ಆ ಪುಸ್ತಕ ಮಡಚಿದರೆ ನಾಳೆಯಿಂದ ಅವಳು ಕೂರುವುದು ಕಂಡಿಕೆ ಸುತ್ತುವವರ ಸಾಲಿನಲ್ಲಿ.

ಕೂಗಿ ಹೇಳಬಹುದಿತ್ತು. ಕೂಗಿದರೆ ಹೇಳಿಕೊಟ್ಟ ಅನ್ನುತ್ತಾರೆ. ತುಟಿ ಬಿಡಿಸಿ, ನಿಧಾನವಾಗಿ, ಶೆಡ್ಡಿನ ಮಾತಿನಲ್ಲಿ ಹೇಳಿದೆ: “ಇಲ್ಲಿ ಮಗ್ಗ ಇಲ್ಲ ಕಣೇ. ಕಿವೀಲಿ ಹತ್ತಿ ಇಲ್ಲ. ಗಂಟಲು ಬಿಡು.”

ಅವಳ ಕೈ ಕಿವಿಗೆ ಹೋಯಿತು. ಮುಟ್ಟಿ ನೋಡಿಕೊಂಡಳು. ಪುಸ್ತಕವನ್ನು ಟೀಚರ ಕೈಗೆ ಸಿಗದಂತೆ ಎದೆಗೆ ಎಳೆದುಕೊಂಡು, ಉಸಿರು ತುಂಬಿ, ಬಿಟ್ಟಳು ನೋಡಿ!

“ಮಳೆ ನಿಂತಿತು! ಇರುವೆಗಳು ಹೊರಗೆ ಬಂದವು!”

ಮೇಜಿನ ಮೇಲಿನ ಕಾಗದ ಹಾರಿತೇನೋ ಅನ್ನಿಸಿತು. ಗೇಟಿನ ಹತ್ತಿರ ಮಲಗಿದ್ದ ನಾಯಿ ಎದ್ದು ಕೂತಿತು. ದನಿ ಎಷ್ಟಿರಬೇಕೆಂದು ಅವಳಿಗೇನು ಗೊತ್ತು? ಮಗ್ಗಗಳ ಮೇಲೆ ಕೂಗುವವರಂತೆ ಓದಿದಳು, ಇರುವೆ ಮಣ್ಣು ಹೊತ್ತದ್ದು, ಮಣ್ಣು ಜಾರಿದ್ದು, ಮತ್ತೆ ಹೊತ್ತದ್ದು. ಕುತ್ತಿಗೆಯ ನರ ಉಬ್ಬಿತ್ತು. ಸಾಲು ಮೊದಲು ನಕ್ಕಿತು, ಆಮೇಲೆ ನಗಲಿಲ್ಲ. ಪುಟ ಮುಗಿಯಿತು. ಟೀಚರ್ ಹೇಳುವ ಮೊದಲೇ ಹಾಳೆ ತಿರುಗಿಸಿ ಮುಂದಿನದಕ್ಕೆ ಹೋದಳು.

“ಸಾಕು, ಸಾಕು ಮಾರಾಯ್ತಿ! ಕಿವಿ ತೂತಾಗುತ್ತೆ.” ಟೀಚರ್ ಪೆನ್ನು ತೆಗೆದು ಏನೋ ಗೀಚಿದರು. “ನಾಲ್ಕನೇ ಕ್ಲಾಸು. ಹೋಗಿ ಒಳಗೆ ಕೂತ್ಕೋ.”

ಅಷ್ಟೇ. ನಾನು ಕಾಯುತ್ತಿದ್ದ ಮಾತು ಯಾವುದೂ ಬರಲಿಲ್ಲ. ಯಾರು ಓದಿಸಿದ್ದು ಅಂತ ಕೇಳಿಯಾರು ಅಂದುಕೊಂಡಿದ್ದೆ. ಕೇಳಲಿಲ್ಲ. ಮುಂದಿನ ಮಗುವನ್ನು ಕರೆದರು. ಶೆಡ್ಡಿಗೆ ಹೊತ್ತಾಗಿತ್ತು. ಗೇಟಿನವರೆಗೆ ಹೋಗಿ, ಹುಡುಗಿ ಎಲ್ಲಿ ಕೂತಳೋ ಎಂದು ತಿರುಗಿ ನೋಡಿದೆ. ತರಗತಿಯ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.

ಟೀಚರ್ ಪಕ್ಕದವರ ಕಡೆ ವಾಲಿ ಪಿಸುಗುಟ್ಟುತ್ತಿದ್ದರು. ಅಷ್ಟು ದೂರಕ್ಕೆ ಯಾರಿಗೂ ಏನೂ ಕೇಳುವಂತಿರಲಿಲ್ಲ. ನನಗೆ ಮಾತ್ರ ಪ್ರತಿ ಪದವೂ ಬಂತು.

“ಓದೋಕೇನೋ ಓದಿದ್ಲು ಬಿಡಿ. ಆದ್ರೆ ಕೊನೆಗೆ ಹೋಗೋದು ಅಲ್ಲಿಗೇ, ಆ ಮಾವನ ಹಿಂದೆ. ಇನ್ನೆರಡು ವರ್ಷ, ನೋಡ್ತಿರಿ. ಇವರಿಗೆಲ್ಲ ಎಷ್ಟು ಹೇಳಿಕೊಟ್ರೂ ನೀರಲ್ಲಿ ಹೋಮ.”

ನಾನು ತಿರುಗಿ ನಡೆದೆ, ಅಂಗಳದ ನಡುವಿಗೆ. ಉತ್ತರ ಹರಿತವಾಗಿ, ಎಣ್ಣೆ ಹಚ್ಚಿ ಇಟ್ಟಂತೆ, ನಾಲಿಗೆಯ ತುದಿಯಲ್ಲಿತ್ತು. ‘ರೀ’ ಕೂಡ ಇತ್ತು. ಈ ಸಲ ಸಾಲು ಯಾರನ್ನು ನೋಡಿ ನಗುತ್ತದೋ ನೋಡಿಯೇಬಿಡೋಣ ಅಂದುಕೊಂಡೆ.

ಆಗ ಕಿಟಕಿಯಲ್ಲಿ ಕಡ್ಡಿಯ ಮುಖ ಕಂಡಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಟೀಚರ ಬಾಯಿಯನ್ನೇ ನೋಡುತ್ತಿದ್ದಳು. ಅವಳಿಗೂ ಬಂದಿತ್ತು, ಪ್ರತಿ ಪದವೂ. ಇದನ್ನೂ ನಾನೇ ಕಲಿಸಿದ್ದೆ. ಇನ್ನು ಒಂದು ವರ್ಷ ಆ ಟೀಚರ್ ಮೆಲ್ಲಗೆ ಆಡುವುದೆಲ್ಲ ಈ ಹುಡುಗಿಗೆ ಬರುತ್ತದೆ, ಕೇಳಬೇಡ ಅಂದರೂ ಬರುತ್ತದೆ.

ಅವಳು ನನ್ನ ಕಡೆ ತಿರುಗಿದಳು. ನನ್ನ ಬಾಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ತುಟಿ ಬಿಡಿಸಿ, ದನಿಯಿಲ್ಲದೆ ಹೇಳಿದಳು: “ಬೇಡ ಮಾವ. ನಾನು ಇಲ್ಲೇ ಕೂರ್ಬೇಕು.”

ಅಂಗಳದ ನಡುವೆ ಕಂಬದಂತೆ ನಿಂತಿದ್ದ ನನ್ನನ್ನು ಟೀಚರ್ ಆಗ ನೋಡಿದರು.

“ಏನಪ್ಪಾ, ಇನ್ನೂ ಇಲ್ಲೇ ಇದ್ದೀಯ? ಏನಾದ್ರೂ ಹೇಳೋದಿತ್ತಾ?”

ಸಾಲು ನನ್ನ ಕಡೆ ತಿರುಗಿತು. ನಾನು ತುಟಿಯನ್ನು ಬಿಗಿಯಾಗಿ ಮುಚ್ಚಿಕೊಂಡೆ, ಒಳಗಿರುವುದು ಕಿಟಕಿಗೂ ಕಾಣದಷ್ಟು ಬಿಗಿಯಾಗಿ. ಗೇಟು ದಾಟಿ ಮಗ್ಗದ ಕಡೆ ನಡೆದೆ.